ಮೇಕೆಗಂಟೆ ಕಟ್ಟಿಕೊಂಡು ಓಡಿದ್ದು

ನಮ್ಮ ಮನೆಯ ಗೇಟಿಗೆ ಒಂದು ಮೇಕೆಗಂಟೆ ಕಟ್ಟಿದೆ. ಕರೆಗಂಟೆ ಇಲ್ಲವೆಂದಲ್ಲ. ಬಾಗಿಲ ಪಕ್ಕದಲ್ಲಿ ಗುಂಡಿ ಇದೆ, ಒತ್ತಿದರೆ ಯಾವುದೋ ಹಕ್ಕಿ ಕೂಗುತ್ತದೆ. ಆದರೆ ಗುಂಡಿ ಒತ್ತಿ ಬರುವವರ ಬಗ್ಗೆ ನನಗೇನೂ ತಕರಾರಿಲ್ಲ. ಒತ್ತದೆ ಬರುವವರದೇ ನನ್ನ ಚಿಂತೆ. ಗೇಟಿಗೆ ಗಂಟೆ ಇದ್ದರೆ ಯಾರು ಎಷ್ಟು ಮೆಲ್ಲಗೆ ತೆಗೆದರೂ ‘ಟಿಣ್’ ಅನ್ನದೆ ವಿಧಿಯಿಲ್ಲ. ಮೊನ್ನೆ ಎದುರು ಮನೆಗೆ ಹೊಸದಾಗಿ ಬಂದ ಮೇಡಂ, “ಏನ್ ಸಾರ್, ಮನೇಲಿ ಮೇಕೆ ಸಾಕಿದೀರಾ?” ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಹೆಂಡತಿ ವಿಶಾಲು ಅಡುಗೆಮನೆಯಿಂದಲೇ, “ಹೂಂ, ಒಂದನ್ನ ಸಾಕಿದೀನಿ. ಐವತ್ತು ವರ್ಷದ ಮೇಲಾಯ್ತು” ಎಂದಳು. ಮೇಡಂ ನಕ್ಕರು. ಅಷ್ಟೊಂದು ಯಾಕೆ ನಕ್ಕರು ಅಂತ ನನಗೆ ಇನ್ನೂ ಸ್ವಲ್ಪ ಅನುಮಾನವಿದೆ.

ಅನುಮಾನ ನಮ್ಮ ವಂಶದಲ್ಲಿ ಹರಿದು ಬಂದದ್ದು. ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜಿ ದಿನಾ ಬೆಳಿಗ್ಗೆ ಹಾಲಿನವಳ ಎದುರಿಗೇ ಒಂದು ತೊಟ್ಟು ಹಾಲನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟುಕೊಂಡು, ಅದು ಜಾರುತ್ತದೆಯೋ ನಿಲ್ಲುತ್ತದೆಯೋ ನೋಡುತ್ತಿದ್ದಳು. ಜಾರಿದರೆ ಜಗಳ. ನಿಂತರೂ ಅವಳಿಗೆ ಸಮಾಧಾನವಿಲ್ಲ. “ಇವತ್ತು ಯಾಕೋ ನಿಂತುಬಿಡ್ತಲ್ಲೇ, ಏನು ಬೆರೆಸಿದ್ದೀ?” ಎನ್ನುತ್ತಿದ್ದಳು. ಅಪ್ಪ ಕೊಡೆ ಕೊಳ್ಳಲು ಹೋದರೆ ಅದನ್ನು ಅಂಗಡಿಯ ಮುಂದಿನ ಬೀದಿ ನಲ್ಲಿಯ ಕೆಳಗೆ ಬಿಚ್ಚಿ ಹಿಡಿದು, ಅಂಗಡಿಯವನ ಕಣ್ಣು ಕೆಂಪಗಾಗುವವರೆಗೂ ನೀರು ಬಿಟ್ಟು ನೋಡುತ್ತಿದ್ದರು. ಇನ್ನು ಅಮ್ಮ, ನಾನು ಸಂಜೆ ಆಟ ಮುಗಿಸಿ ಬಂದ ಕೂಡಲೇ ನನ್ನ ನೆತ್ತಿ ಮೂಸಿ, ಕುಕ್ಕರಹಳ್ಳಿ ಕೆರೆಗೆ ಇಳಿದಿದ್ದೆನೋ ಇಲ್ಲವೋ ಹೇಳಿಬಿಡುತ್ತಿದ್ದಳು. ಇಂಥವರ ಕೈಯಲ್ಲಿ ಬೆಳೆದವನು ಬೇರೆ ಹೇಗಾದೇನು, ನೀವೇ ಹೇಳಿ.

ನಾನು ಓಟ ಕಲಿತದ್ದೂ ಅನುಮಾನದಿಂದಲೇ. ಶಾಲೆಯ ದಾರಿಯಲ್ಲಿ ಒಂದು ಕೆಂಚು ನಾಯಿ ಸದಾ ಮಲಗಿರುತ್ತಿತ್ತು. ಅದು ಯಾರನ್ನೂ ಕಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಅದು ನಿದ್ದೆ ಬಂದ ಹಾಗೆ ನಟಿಸುತ್ತಿದೆ ಎಂಬುದು ಮಾತ್ರ ನನಗೆ ಖಾತ್ರಿಯಾಗಿತ್ತು. ಅದರ ಹತ್ತಿರ ಬರುವವರೆಗೆ ಬೆಕ್ಕಿನ ನಡಿಗೆ, ದಾಟಿದ ಮೇಲೆ ಶಾಲೆಯ ಗೇಟಿನವರೆಗೂ ಒಂದೇ ಓಟ. ವರ್ಷಗಟ್ಟಲೆ ಹೀಗೆ ಓಡಿ ಓಡಿ ನನಗೇ ಗೊತ್ತಿಲ್ಲದಂತೆ ಕಾಲುಗಳು ಪಳಗಿಬಿಟ್ಟವು. ಕಾಲೇಜಿನಲ್ಲಿ ಬಹುಮಾನವಾಗಿ ಒಂದೆರಡು ಕಪ್ಪು ಕೂಡ ಬಂದವು. ಬೆಳ್ಳಿಯದೆಂದು ಕೊಟ್ಟರು, ಅಪ್ಪ ಅಕ್ಕಸಾಲಿಗನಿಗೆ ತೋರಿಸಿಕೊಂಡು ಬಂದರು.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಕೇರಳದ ಆಲುವದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಹೆಸರು ಸೀತಾರಾಮು ಅಂತ. ಅಲ್ಲಿನವರು ‘ಸೀತಾರಾಮನ್’ ಮಾಡಿದ್ದರು. ಪಕ್ಕದ ಕಳಮಶ್ಶೇರಿಯಲ್ಲಿ ನಾಲ್ಕಾರು ಜನ ಸೇರಿ ಹಿಡಿದಿದ್ದ ಮನೆಯಲ್ಲಿ ನನ್ನದೊಂದು ಹಾಸಿಗೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ವಿಶಾಲು ಮದುವೆಗೆ ಮುಂಚೆಯೇ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ಟೈಪಿಸ್ಟ್ ಆಗಿದ್ದಳು. ವಿಜ್ಞಾನಿಗಳೆಲ್ಲ ಆಕಾಶ ನೋಡುತ್ತಿದ್ದ ಕಚೇರಿಯದು. ಅವರು ಕಂಡದ್ದನ್ನು ಇವಳು ಕಾರ್ಬನ್ ಹಾಕಿ ಟೈಪು ಮಾಡುತ್ತಿದ್ದಳು. ಒಳ್ಳೆಯ ಕೆಲಸ, ಬಿಡುವ ಮಾತಿಲ್ಲ. ಹೀಗಾಗಿ ನಾನು ಒಂದು ಶನಿವಾರ ಬಿಟ್ಟು ಇನ್ನೊಂದು ಶನಿವಾರ, ಬ್ಯಾಂಕು ಮುಚ್ಚುತ್ತಿದ್ದಂತೆ ರೈಲು ಹತ್ತಿ ಹೆಂಡತಿಯನ್ನು ನೋಡಲು ಹೋಗುತ್ತಿದ್ದೆ. ನೋಡಲು ಎಂದರೆ ಬರೀ ನೋಡಲು. ಯಾಕೆಂದರೆ ನಡುವೆ ಭಾರ್ಗವಿ ಅಮ್ಮ ಇದ್ದರು.

ಭಾರ್ಗವಿ ಅಮ್ಮ ವಿಶಾಲುವಿನ ಮನೆಯೊಡತಿ. ಊರಂಚಿನ ಉಳ್ಳೂರಿನಾಚೆ, ಒಂದು ಕಾಡುಗುಡ್ಡದ ಬುಡದಲ್ಲಿ ಅವರ ಹಂಚಿನ ಮನೆ. ಗಂಡ ತೀರಿಕೊಂಡಿದ್ದರು. ಮನೆಯ ಪಕ್ಕದ ಕೋಣೆಯನ್ನು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಮಾತ್ರ ಬಾಡಿಗೆಗೆ ಕೊಡುತ್ತಿದ್ದರು. ವಿಶಾಲು ಅಲ್ಲಿಗೆ ಸೇರಿದಾಗ ಮದುವೆಯಾಗಿರಲಿಲ್ಲ. ಊರಿಗೆ ಹೋಗಿ ಮದುವೆಯಾಗಿ ಬಂದಳು. ಅದರ ಹಿಂದೆಯೇ ಒಂದು ಶನಿವಾರ ಕತ್ತಲಾಗುವ ಹೊತ್ತಿಗೆ ಕೈಚೀಲ ಹಿಡಿದ ಗಂಡಸೊಬ್ಬ ಬಂದು ಜಗಲಿಯ ಮುಂದೆ ನಿಂತ. ನಾನೇ.

“ಆರಾ ಅದು?” ಎಂದು ಒಳಗಿನಿಂದ ಕೇಳಿದರು.

“ಭರ್ತಾವ್” ಎಂದಳು ವಿಶಾಲು. ಗಂಡ ಎನ್ನುವುದಕ್ಕೆ ಮಲಯಾಳದ ಆ ಮಾತನ್ನು ಹಿಂದಿನ ದಿನವೇ ಆಫೀಸಿನಲ್ಲಿ ಕೇಳಿ ಕಲಿತು ಬಂದಿದ್ದಳಂತೆ.

ಭಾರ್ಗವಿ ಅಮ್ಮ ದೀಪ ತಂದು ನನ್ನ ಮುಖಕ್ಕೆ ಹಿಡಿದರು. ಆಮೇಲೆ ವಿಶಾಲುವಿನ ಕೊರಳಿಗೆ ಹಿಡಿದರು. ಅಲ್ಲಿ ಕರಿಮಣಿ ಸರ. ಅವರ ಕಡೆ ತಾಳಿ ಎಂದರೆ ಚಿನ್ನದ ಸರದಲ್ಲಿ ಇರಬೇಕು. “ಕರಿಮಣಿ ಹಾಕುವುದು ಎಳೆಮಕ್ಕಳಿಗೆ ಅಲ್ಲವಾ ಮೋಳೇ, ದೃಷ್ಟಿಯಾಗದಿರಲಿ ಅಂತ?” ಎಂದರು. ಮೋಳೇ ಎಂದರೆ ಮಗಳೇ. ಕರೆದದ್ದು ಪ್ರೀತಿಯಿಂದಲೇ, ಆದರೆ ಮಗಳ ಮಾತನ್ನು ನಂಬಲಿಲ್ಲ.

ಸರಿ, ಮದುವೆಯ ಫೋಟೋ ತೋರಿಸೋಣವೆಂದರೆ ಅದೂ ಒಂದು ಕಥೆ. ನಮ್ಮ ಸೋದರಮಾವನೇ ಫೋಟೋಗ್ರಾಫರ್. ಹೊರಗಿನವರನ್ನು ಕರೆದರೆ ಮೋಸ ಮಾಡುತ್ತಾರೆಂದು ಅಪ್ಪನಿಗೆ ಅನುಮಾನ. ಮಾವ ರೀಲು ಮುಗಿಯಿತೋ ಇಲ್ಲವೋ ಎಂದು ಬಿಸಿಲಿನಲ್ಲಿ ಕ್ಯಾಮೆರಾ ತೆಗೆದು ನೋಡಿದ. ಉಳಿದದ್ದು ಒಂದೇ ಫೋಟೋ. ಅದರಲ್ಲಿ ಹೋಮದ ಹೊಗೆ ಇದೆ, ಪುರೋಹಿತರ ಬೆನ್ನಿದೆ. ಭಾರ್ಗವಿ ಅಮ್ಮ ಅದನ್ನು ಬಹಳ ಹೊತ್ತು ನೋಡಿ, ಪುರೋಹಿತರ ಬೆನ್ನಿನ ಮೇಲೆ ಬೆರಳಿಟ್ಟು, “ಇದು ನೀನಾ?” ಎಂದು ನನ್ನನ್ನು ಕೇಳಿದರು.

ಅವತ್ತಿನಿಂದ ನನಗೆ ಜಗಲಿಯೇ ಗಡಿ. ಜಗಲಿಯ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ವಿಶಾಲು, ಒಳಬಾಗಿಲಲ್ಲಿ ಅಲಸಂದೆ ಬಿಡಿಸುತ್ತ ಭಾರ್ಗವಿ ಅಮ್ಮ. ನಾವು ಕನ್ನಡದಲ್ಲಿ ಮಾತಾಡಿದರೆ ಅವರಿಗೆ ತಿಳಿಯದು. ತಿಳಿಯದ್ದರಿಂದ ಅನುಮಾನ ಇನ್ನೂ ಹೆಚ್ಚು. “ಈ ಸಲ ಗೊಜ್ಜವಲಕ್ಕಿಗೆ ಹುಣಿಸೆ ಜಾಸ್ತಿಯಾಯ್ತು ಕಣ್ರೀ” ಎಂದು ವಿಶಾಲು ಹೇಳಿದರೆ, ಅವರು ಅಲಸಂದೆ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಅವರದೊಂದು ಮೇಕೆಯಿತ್ತು, ಅಮ್ಮಿಣಿ ಅಂತ ಹೆಸರು. ಅದು ಕುತ್ತಿಗೆಯ ಗಂಟೆ ಆಡಿಸಿಕೊಂಡು ನನ್ನ ಕಾಲು ತುಳಿದು, ಸೀದಾ ಒಳಗೆ ಹೋಗಿ, ವಿಶಾಲುವಿನ ಕೋಣೆಯ ಮುಂದೆ ಮಲಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ರಾತ್ರಿ ನಾನು ಸ್ಟೇಷನ್ ಹತ್ತಿರದ ಲಾಡ್ಜಿಗೆ ಹೋಗಿ ಮಲಗಬೇಕು, ಮೇಕೆ ಒಳಗೆ! ಬೇರೆ ಮನೆ ಹಿಡಿಯೋಣವೆಂದರೆ, ನಾನಿಲ್ಲದ ಊರಿನಲ್ಲಿ ಅವಳೊಬ್ಬಳಿಗೆ ಅಷ್ಟು ಭದ್ರವಾದ ಮನೆ ಇನ್ನೊಂದು ಸಿಗುವ ಹಾಗಿರಲಿಲ್ಲ.

ಇದಕ್ಕೆಲ್ಲ ಒಂದೇ ಮದ್ದು, ತಿರುವನಂತಪುರಕ್ಕೆ ವರ್ಗ. ಅರ್ಜಿ ಹಾಕಿದ್ದೆ. ಅದು ಎಲ್ಲಿ ಕೂತಿತ್ತೋ ಏಳಲಿಲ್ಲ. ಅಷ್ಟರಲ್ಲಿ ನಮ್ಮ ಬ್ಯಾಂಕಿನ ಸಿಬ್ಬಂದಿಯ ಕ್ರೀಡಾಕೂಟದ ಸುದ್ದಿ ಬಂತು. ತಿರುವನಂತಪುರದಲ್ಲಿ ಕಾಡುದಾರಿಯ ಓಟ. ಗೆದ್ದವನನ್ನು ಅಲ್ಲಿನ ವಲಯ ಕಚೇರಿ ತನ್ನ ತಂಡಕ್ಕೆಂದು ಕರೆಸಿಕೊಳ್ಳುತ್ತದೆ. ಅಂದರೆ ವರ್ಗ! ನಾನು ಆ ಸುತ್ತೋಲೆಯನ್ನು ಓದಿ, ಇದರಲ್ಲಿ ಏನೋ ಮೋಸವಿರಬೇಕೆಂದು ಹಿಂದೆ ಮುಂದೆ ತಿರುಗಿಸಿ ನೋಡಿ, ಆಮೇಲೆ ಹೆಸರು ಕೊಟ್ಟೆ.

ಓಟದ ಉಸ್ತುವಾರಿ ಕುರುವಿಳ ಸಾರ್ ಅವರದು. ಸೈನ್ಯದಿಂದ ಬಂದು ಬ್ಯಾಂಕು ಸೇರಿದವರು, ಮೀಸೆಯನ್ನು ಮಾತ್ರ ಸೈನ್ಯದಲ್ಲೇ ಇದ್ದ ಹಾಗೆ ಇಟ್ಟುಕೊಂಡಿದ್ದರು. ಹಿಂದಿನ ವರ್ಷ ಇದೇ ಓಟದಲ್ಲಿ ದೊಡ್ಡ ರಾದ್ಧಾಂತವಾಗಿತ್ತಂತೆ. ದಾರಿ ಗುಡ್ಡದ ಮರಗಳ ನಡುವೆ ಒಬ್ಬರೇ ಹೋಗುವಷ್ಟು ಸಣ್ಣದು. ಹಾವಿನ ಹಾಗೆ ಸುತ್ತುತ್ತದೆ. ಒಂದು ತಿರುವಿನಲ್ಲಿ ಇಳಿದು ಪೊದೆ ದಾಟಿದರೆ ಮುಂದಿನ ತಿರುವಿಗೇ ಹೋಗಿಬಿಡಬಹುದು. ಮುಂದಿನವನು ಹಿಂದಿನವನಿಗೆ ಕಾಣುವುದಿಲ್ಲ. ಹೀಗಾಗಿ ಯಾರು ಓಡಿದರು, ಯಾರು ಹಾರಿದರು ಎಂಬುದೇ ತೀರ್ಮಾನವಾಗಲಿಲ್ಲ. ಕುರುವಿಳ ಸಾರ್ ಈ ಸಲ ಒಂದು ಉಪಾಯ ಮಾಡಿದರು. ಪ್ರತಿಯೊಬ್ಬ ಓಟಗಾರನ ಸೊಂಟಕ್ಕೂ ಒಂದು ಗಂಟೆ ಕಟ್ಟುವುದು! ಗುಡ್ಡದ ಮೇಲೆ ಅಲ್ಲಲ್ಲಿ ನಿಂತವರು ಕಿವಿಯಿಂದಲೇ ಎಲ್ಲರನ್ನೂ ಕಾಯುವುದು. ಗಂಟೆಯ ಸದ್ದು ದಾರಿ ಬಿಟ್ಟು ಬೇರೆ ಕಡೆಯಿಂದ ಕೇಳಿದರೆ ಅವನು ಓಟದಿಂದ ಹೊರಗೆ. ಎಂಥ ಮನುಷ್ಯ ನೋಡಿ! ನನಗೆ ಅವರ ಮೇಲೆ ಒಮ್ಮೆಗೇ ಗೌರವ ಬಂತು. ನಮ್ಮ ವಂಶದಲ್ಲಿ ಹುಟ್ಟಬೇಕಾದವರು.

ಗಂಟೆ ಕೊಂಡು ತರುವ ಕೆಲಸ ಬಿದ್ದದ್ದು ನಮ್ಮ ಶಾಖೆಯ ವರ್ಗೀಸನ ಮೇಲೆ. ಅವನು ಆಲುವ ಪೇಟೆಗೆ ಹೋಗಿ ಒಂದು ಚೀಲ ತುಂಬ ಮೇಕೆಗಂಟೆ ತಂದ. ಈ ವರ್ಗೀಸನೂ ಓಟಗಾರ. ಗಟ್ಟಿಗ, ಸದಾ ಹಲ್ಲು ಕಿರಿಯುವವನು. ತಿರುವನಂತಪುರದಲ್ಲಿ ಅವನಿಗೆ ಹೆಂಡತಿಯಿಲ್ಲ, ನೆಂಟರಿಲ್ಲ, ಆ ಊರಿನ ಮೇಲೆ ಆಸೆಯೂ ಇಲ್ಲ.

“ಮತ್ತೆ ಯಾಕೋ ಓಡ್ತೀಯ?” ಎಂದು ಕೇಳಿದೆ.

“ಓಡೋದು ಚೆನ್ನಾಗಿರುತ್ತಲ್ಲ ಸೀತಾರಾಮಾ” ಎಂದ. ನಮ್ಮ ಮಾತು ಅರ್ಧ ಇಂಗ್ಲಿಷು, ಅರ್ಧ ಮಲಯಾಳ, ಅರ್ಧ ಕೈಸನ್ನೆ.

ಇದಕ್ಕಿಂತ ಅನುಮಾನ ಹುಟ್ಟಿಸುವ ಉತ್ತರ ನಾನು ಇವತ್ತಿನವರೆಗೂ ಕೇಳಿಲ್ಲ. ಅವನು ನನಗೊಂದು ಸಣ್ಣ ಗಂಟೆ ಕೊಟ್ಟ. ಕಿವಿಯ ಹತ್ತಿರ ಆಡಿಸಿ ನೋಡಿದೆ. ತೆಳು ಸದ್ದು. ಇದು ಮರಗಳ ನಡುವೆ ಯಾರಿಗೂ ಕೇಳಲಿಕ್ಕಿಲ್ಲ, ನನ್ನನ್ನು ಓಟದಿಂದ ತೆಗೆಸುವ ಹುನ್ನಾರ ಎನ್ನಿಸಿತು. “ನಿನ್ನದು ಕೊಡು” ಎಂದೆ. ತಟ್ಟನೆ ಬಿಚ್ಚಿ ಕೊಟ್ಟುಬಿಟ್ಟ. ಕೇಳಿದ ಕೂಡಲೇ ಯಾಕೆ ಕೊಟ್ಟ? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅಭ್ಯಾಸ ಕಳಮಶ್ಶೇರಿಯ ಹಿಂಬದಿಯ ಗೇರುತೋಪುಗಳಲ್ಲಿ. ಬೆಳಿಗ್ಗೆ ಗಾಳಿ ಏಲೂರಿನ ಕಡೆಯಿಂದ ಬೀಸಿದರೆ ಗೊಬ್ಬರದ ಕಾರ್ಖಾನೆಯ ಘಾಟು ಮೂಗಿಗೆ ಹತ್ತುತ್ತಿತ್ತು. ನಾವಿಬ್ಬರೂ ಸೊಂಟದಲ್ಲಿ ಗಂಟೆ ಕಟ್ಟಿಕೊಂಡು, ಚಡ್ಡಿ, ಕ್ಯಾನ್ವಾಸ್ ಶೂ ಹಾಕಿಕೊಂಡು ಗೇರುಮರಗಳ ನಡುವಿನ ಕಾಲುದಾರಿಯಲ್ಲಿ ಟಿಣ್ ಟಿಣ್ ಎಂದು ಓಡುತ್ತಿದ್ದರೆ ಹಾಲು ಹಾಕಲು ಹೋಗುತ್ತಿದ್ದ ಹೆಂಗಸರು ಪಾತ್ರೆ ಇಳಿಸಿ ನಿಂತು ನಗುತ್ತಿದ್ದರು. ಕಾಡುದಾರಿಯಲ್ಲಿ ಓಡುವುದೆಂದರೆ ಮೈದಾನದಲ್ಲಿ ಓಡಿದಂತಲ್ಲ, ಕಾಲಿಗಿಂತ ಕಣ್ಣಿಗೆ ಕೆಲಸ ಹೆಚ್ಚು. ಬೇರು ಎಲ್ಲಿ ಎದ್ದಿದೆ, ತರಗೆಲೆಯ ಕೆಳಗೆ ಕಲ್ಲಿದೆಯೋ ಗುಂಡಿಯೋ, ಬಳ್ಳಿಯೋ ಬೇರೆ ಏನೋ. ಇದು ನನಗೆ ಹೇಳಿ ಮಾಡಿಸಿದ ಓಟ. ಪ್ರತಿ ಎಲೆಯನ್ನೂ ಅನುಮಾನಿಸಿಯೇ ನಾನು ಹೆಜ್ಜೆ ಇಡುತ್ತಿದ್ದೆ. ವರ್ಗೀಸ ನಂಬಿ ಓಡುತ್ತಿದ್ದ; ಬೀಳುತ್ತಿದ್ದ, ನಗುತ್ತಿದ್ದ, ಏಳುತ್ತಿದ್ದ. ಇಬ್ಬರಲ್ಲಿ ನಾನೇ ಹೆಚ್ಚು ಸಲ ಮುಂದೆ ಬರುತ್ತಿದ್ದೆ. ಅವನು ಬೇಕೆಂದೇ ಹಿಂದೆ ಉಳಿಯುತ್ತಿದ್ದಾನೋ ಏನೋ ಅಂತ ಅದೊಂದು ಚಿಂತೆ.

ಓಟ ಭಾನುವಾರ ಬೆಳಿಗ್ಗೆ. ಶನಿವಾರವೇ ನಾವೆಲ್ಲ ತಿರುವನಂತಪುರ ತಲುಪಿ, ಮೈದಾನದ ಪಕ್ಕದ ಶಾಲೆಯಲ್ಲಿ ಬೆಂಚು ಜೋಡಿಸಿ ಮಲಗಿದೆವು. ವಿಶಾಲುವಿಗೆ ಕಾಗದ ಬರೆದಿದ್ದೆ: ಮನೆಗೆಲಸ ಮುಗಿಸಿಕೊಂಡು ಮೈದಾನಕ್ಕೆ ಬಾ, ಓಟ ಮುಗಿಯುವ ಗೆರೆಯ ಹತ್ತಿರ ನಿಂತಿರು. ಬೆಂಚಿನ ಮೇಲೆ ಮಲಗಿ, ಗೆದ್ದರೆ ಮುಂದಿನ ತಿಂಗಳಿನಿಂದ ಇಬ್ಬರೂ ಒಂದೇ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತೇವೆ ಎಂದು ನೆನೆನೆನೆದು ಹೊರಳಾಡಿದೆ. ಉಪ್ಪಿಟ್ಟಿಗೆ ನಿದ್ದೆಗೆಟ್ಟದ್ದು ಅದೇ ಮೊದಲು.

ಮೈದಾನದಿಂದ ಸೀಟಿ ಊದಿ ಬಿಟ್ಟರು. ಸುಮಾರು ಜನ ಇದ್ದೆವು. ದಾರಿ ಗುಡ್ಡ ಹತ್ತಿ ಮರಗಳೊಳಗೆ ನುಗ್ಗುತ್ತಿದ್ದ ಹಾಗೆ ಗುಂಪು ಸಣ್ಣಗಾಗಿ, ಒಬ್ಬರ ಹಿಂದೆ ಒಬ್ಬರಂತೆ ಸಾಲಾಯಿತು. ಗೇರು, ಮಾವು, ಹಲಸು. ಮಧ್ಯೆ ಹೆಸರು ಗೊತ್ತಿಲ್ಲದ ಮುಳ್ಳು. ಬಿಸಿಲು ಚೂರು ಚೂರಾಗಿ ಬೀಳುತ್ತಿತ್ತು. ಗುಡ್ಡದ ತುಂಬ ಗಂಟೆಗಳ ಸದ್ದು. ಮರಗಳಿಗೆ ಸುಣ್ಣ ಬಳಿದು ದಾರಿ ಗುರುತಿಸಿದ್ದರು. ಅರ್ಧ ದಾರಿ ಕಳೆಯುವಷ್ಟರಲ್ಲಿ ಹಿಂದಿನ ಗಂಟೆಗಳೆಲ್ಲ ಸೋತು ಸಣ್ಣಗಾದವು. ಮುಂದೆ ಒಂದೇ ಗಂಟೆ, ವರ್ಗೀಸನದು. ಅವನು ಕಾಣುತ್ತಿರಲಿಲ್ಲ, ಒಂದೊಂದು ತಿರುವಿನ ಆಚೆಯಿಂದ ಟಿಣ್ ಟಿಣ್ ಎಂದು ಕೇಳುತ್ತಿದ್ದ.

ಒಂದು ದೊಡ್ಡ ಹಲಸಿನ ಮರದ ತಿರುವಿನಲ್ಲಿ ಆ ಸದ್ದು ನಿಂತುಹೋಯಿತು.

ನಾನೂ ನಿಂತೆ. ಉಸಿರು ಕಟ್ಟಿ ಆಲಿಸಿದೆ. ಅವನು ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿರಬೇಕು. ಯಾಕೆ ಹಿಡಿದುಕೊಂಡ? ಹೀಗೆ ಯೋಚಿಸುತ್ತಿರುವಾಗಲೇ ಎಡಗಡೆಯಿಂದ, ಸುಣ್ಣದ ಗುರುತಿಲ್ಲದ ಇಳಿಜಾರಿನ ಕಡೆಯಿಂದ, ‘ಟಿಣ್’ ಎಂದಿತು. ಆಹಾ! ಸಿಕ್ಕಿಬಿದ್ದೆಯಾ ಮಗನೇ! ನನ್ನ ಅನುಮಾನ ನಿಜವಾದಾಗ ಆಗುವ ಸಂತೋಷ ಎಂಥದು ಅಂತ ನಿಮಗೆ ಹೇಗೆ ಹೇಳಲಿ. ಸುಣ್ಣದ ದಾರಿಯಲ್ಲೇ ಸುಮ್ಮನೆ ಓಡಿದ್ದರೆ ಆಗುತ್ತಿತ್ತು. ಆದರೆ ಕಳ್ಳನನ್ನು ಕೈಯಾರೆ ಹಿಡಿಯುವ ಅವಕಾಶ ಬಿಟ್ಟು ಓಡುವುದು ನನ್ನಿಂದಾಗಲಿಲ್ಲ. ಎಡಕ್ಕೆ ನುಗ್ಗಿದೆ.

ನಾನು ಜೋರಾಗಿ ಓಡಿದರೆ ಮುಂದಿನ ಗಂಟೆಯೂ ಜೋರಾಯಿತು. ನಾನು ನಿಧಾನ ಮಾಡಿದರೆ ಅದೂ ನಿಧಾನ. ಒಮ್ಮೆ ನಿಂತೆ, ಅದೂ ನಿಂತಿತು. ಎಲೆ ಕಿತ್ತ ಸದ್ದು ಕೇಳಿಸಿತು. ಏನು ಧೈರ್ಯ ಇವನಿಗೆ, ಕದ್ದು ಓಡುತ್ತಾ ನಡುವೆ ಮರದ ಎಲೆ ಕೀಳುತ್ತಾನೆ! “ವರ್ಗೀಸೇ, ನಿನ್ನ ಆಟ ಎಲ್ಲಾ ಗೊತ್ತಾಯ್ತು ಕಣೋ!” ಎಂದು ಕನ್ನಡದಲ್ಲೇ ಕೂಗಿದೆ. ಪೊದೆಯ ಆಚೆಯಿಂದ ಅಣಕಿಸಿದ ಹಾಗೆ ಒಂದು ಸಣ್ಣ ದನಿ ಬಂತು. ನನ್ನ ಮೈಯೆಲ್ಲ ಉರಿದುಹೋಯಿತು. ಕಲ್ಲು ಮುಳ್ಳು ನೋಡದೆ ಬಿದ್ದಂಬೀಳ ಇಳಿದೆ. ಕೆಳಗೊಂದು ಮೋಟು ಗೋಡೆ. ಮುಂದಿನದು ಅದನ್ನು ಸಲೀಸಾಗಿ ಹಾರಿತು. ನಾನೂ ಹಾರಿದೆ. ಅದು ನೆಲದ ಮೇಲೆ ಇಳಿದಿತ್ತು, ನಾನು ಬೂದಿಗುಂಡಿಯಲ್ಲಿ ಇಳಿದೆ.

ಬೂದಿ ಸ್ವಲ್ಪ ಅಡಗಿದ ಮೇಲೆ ಕಣ್ಣು ಬಿಟ್ಟು ನೋಡಿದರೆ ಎದುರಿಗೆ ಅಮ್ಮಿಣಿ. ಬಾಯಲ್ಲಿ ಹಲಸಿನ ಎಲೆ. ಅದರ ಹಿಂದೆ, ಒದ್ದೆ ಸೀರೆಯನ್ನು ಹಗ್ಗದ ಮೇಲೆ ಹರವುತ್ತ ನಿಂತಿದ್ದವಳು ನನ್ನ ಧರ್ಮಪತ್ನಿ. ಬಸ್ಸಿನಲ್ಲಿ ಗುಡ್ಡವನ್ನು ಸುತ್ತಿ ಯಾವಾಗಲೂ ಮನೆಯ ಮುಂದಿನಿಂದ ಬಂದ ನನಗೆ, ಆ ಕಾಡಿನ ಬೆನ್ನು ಇವರ ಹಿತ್ತಲಿಗೇ ತಾಗಿದೆ ಎಂದು ಹೊಳೆದೇ ಇರಲಿಲ್ಲ.

“ಅಯ್ಯಯ್ಯೋ, ಮಂಡಿ ನೋಡ್ಕೊಂಡ್ರಾ? ರಕ್ತ ಸೋರ್ತಾ ಇದೆ!” ಎಂದು ಸೀರೆ ಬಿಟ್ಟು ಓಡಿ ಬಂದಳು. ಅಲ್ಲೇ ಒಂದು ಕ್ಷಣ ತಡೆದಳು. ಇದ್ದಕ್ಕಿದ್ದಂತೆ ಅವಳ ದನಿ ಗುಡ್ಡದ ತುದಿಗೆ ಕೇಳುವಷ್ಟು ಏರಿತು.

“ನಿಮಗೇನು ಬುದ್ಧಿ ಗಿದ್ಧಿ ಇದೆಯೇನ್ರೀ? ಓಟ ಓಡ್ತೀನಿ ಅಂದು ಮೇಕೆ ಓಡಿಸ್ಕೊಂಡು ಬಂದಿದ್ದೀರಲ್ಲ! ಅಲ್ಲಿ ವರ್ಗ, ಇಲ್ಲಿ ಬೂದಿಗುಂಡಿ! ಯಾರನ್ನ ನೋಡಿದ್ರೂ ಅನುಮಾನ, ಕಲ್ಲು ನೋಡಿದ್ರೂ ಅನುಮಾನ, ನಿಮ್ಮನ್ನ ಕಟ್ಕೊಂಡು ನಾನು ಪಡಬಾರದ ಪಾಡು ಪಡ್ತಾ ಇದ್ದೀನಿ! ಆ ಚಡ್ಡಿ ನೋಡಿ, ಆ ಮುಖ ನೋಡಿ! ಇನ್ನೇನು ನಿಂತು ನೋಡ್ತೀರ, ಗುಂಡಿಯಿಂದ ಮೇಲಕ್ಕೆ ಬನ್ನಿ!”

ನಾನು ತಲೆ ತಗ್ಗಿಸಿ ಗುಂಡಿಯಿಂದ ಮೇಲೆ ಬಂದೆ. ಹಾಗೇ ನಿಂತೆ. ಓಟ ಹೋಯಿತು, ವರ್ಗ ಹೋಯಿತು, ಉಪ್ಪಿಟ್ಟು ಹೋಯಿತು. ಅಳು ಬಂದದ್ದು ಬೂದಿಯಿಂದಲೇ ಎಂದು ಹೇಳಿಕೊಳ್ಳಬಹುದಿತ್ತು, ಅದೊಂದೇ ಅನುಕೂಲ. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಭಾರ್ಗವಿ ಅಮ್ಮ ಸೌಟು ಹಿಡಿದು ನಿಂತಿದ್ದರು. ಒಂದು ಮಾತು ತಿಳಿಯದಿದ್ದರೂ ಬಹಳ ಶ್ರದ್ಧೆಯಿಂದ ಕೇಳುತ್ತಿದ್ದರು.

ಕುಂಟುತ್ತಾ ಮೈದಾನಕ್ಕೆ ಹೋದೆ. ಜೊತೆಯಲ್ಲಿ ವಿಶಾಲು. ಅಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಗುಡ್ಡದ ಮೇಲೆ ನಿಂತ ಕಾವಲಿನವರು ಒಂದು ಗಂಟೆ ದಾರಿ ಬಿಟ್ಟು ಎಡಕ್ಕೆ ಇಳಿದದ್ದನ್ನು ಕೇಳಿದ್ದರು. ಬಂದು ಸೇರದವನು ನಾನೊಬ್ಬನೇ. ಕುರುವಿಳ ಸಾರ್ ಮೇಜಿನ ಹಿಂದೆ ಕೂತು ಮೀಸೆ ತಿರುವಿದರು.

“ಸೀತಾರಾಮನ್, ಅಡ್ಡದಾರಿ ಹಿಡಿದೆ. ದಾರಿ ತಪ್ಪಿ ಸಿಕ್ಕಿಹಾಕಿಕೊಂಡೆ. ಅಲ್ಲವಾ?”

“ಸಾರ್, ನಾನು ಮೇಕೆಯ ಹಿಂದೆ ಹೋದೆ.”

ಮೇಜಿನ ಹಿಂದಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಕಂಡದ್ದೇ. ಹಾಲು ಉಗುರಿನ ಮೇಲೆ ನಿಂತಾಗ ಹಾಲಿನವಳಿಗೆ ಏನನ್ನಿಸುತ್ತಿತ್ತೋ ಪಾಪ! “ಮೋಸ ಮಾಡಿದ್ದಾನೆಂದು ಶಾಖೆಗೆ ಬರೆಯಬೇಕಾಗುತ್ತದೆ” ಎಂದರು ಕುರುವಿಳ ಸಾರ್. ಹಾಗೆ ಬರೆದರೆ ಓಟದ ವರ್ಗವಿರಲಿ, ಎಲ್ಲೋ ಕೂತಿದ್ದ ನನ್ನ ಅರ್ಜಿಯೂ ಅಲ್ಲೇ ಸತ್ತಂತೆ. ನಾನು ಇನ್ನೆಷ್ಟು ವರ್ಷ ಆ ಜಗಲಿಯಲ್ಲಿ ಕೂರಬೇಕೋ!

ಆಗ ಹಿಂದಿನಿಂದ ‘ಟಿಣ್’ ಎಂದಿತು.

ಭಾರ್ಗವಿ ಅಮ್ಮ ಬರುತ್ತಿದ್ದರು. ಮಡಿಚಿದ ಮೇಲ್ಮುಂಡು ಹೆಗಲ ಮೇಲೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಅಮ್ಮಿಣಿಯ ಹಗ್ಗ. ಬಂದವರೇ ಮೇಜಿನ ಮುಂದೆ ಮೇಕೆಯನ್ನು ನಿಲ್ಲಿಸಿ, ಈ ಓಟ ನಡೆಸುವವರು ಯಾರು, ನನ್ನ ಅಮ್ಮಿಣಿಯನ್ನು ಗುಡ್ಡದ ಮೇಲಿಂದ ಅಟ್ಟಿಸಿಕೊಂಡು ಬಂದಿದ್ದಾರಲ್ಲ, ಹೆದರಿ ಹಾಲು ಬತ್ತಿದರೆ ಯಾರು ಜವಾಬ್ದಾರಿ ಎಂದು ಕೇಳಿದರು. ಕುರುವಿಳ ಸಾರ್ ಎದ್ದು ನಿಂತರು. ಸೈನ್ಯದಲ್ಲಿ ಅವರು ಯಾರಿಗೂ ಅಷ್ಟು ಬೇಗ ಎದ್ದು ನಿಂತಿರಲಿಕ್ಕಿಲ್ಲ.

ಮೇಕೆಯ ಗಂಟೆಯನ್ನೂ ನನ್ನ ಗಂಟೆಯನ್ನೂ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಎರಡೂ ಒಂದೇ ಅಚ್ಚಿನವು. ಭಾರ್ಗವಿ ಅಮ್ಮ ಗಂಡ ತೀರಿಕೊಂಡ ವರ್ಷ ಶಿವರಾತ್ರಿಗೆ ಆಲುವದ ಹೊಳೆದಂಡೆಯಲ್ಲಿ ಪಿಂಡ ಬಿಡಲು ಹೋಗಿದ್ದಾಗ ಅಲ್ಲಿನ ಪೇಟೆಯಲ್ಲೇ ಅದನ್ನು ಕೊಂಡಿದ್ದರಂತೆ. ಸದ್ದಿನಿಂದಲೇ ಯಾವುದು ಯಾರದೆಂದು ಹೇಳುತ್ತೇನೆಂದು ಕುರುವಿಳ ಸಾರ್ ಕಣ್ಣು ಮುಚ್ಚಿಕೊಂಡರು. ಭಾರ್ಗವಿ ಅಮ್ಮ ಒಂದನ್ನು ಆಡಿಸಿದರು, ಇನ್ನೊಂದನ್ನು ಆಡಿಸಿದರು. “ಇದು ಮನುಷ್ಯ” ಎಂದರು ಸಾರ್. ಅದು ಮೇಕೆಯದು. ಮತ್ತೆ ಆಡಿಸಿದರು, ಮತ್ತೆ ತಪ್ಪು. ವರ್ಗೀಸ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಆಗಲೇ ಓಟ ಗೆದ್ದು, ತಲೆಗೆ ನೀರು ಹುಯ್ದುಕೊಂಡು ಕೂತಿದ್ದ. ಹಲಸಿನ ಮರದ ಹತ್ತಿರ ನಿನ್ನ ಗಂಟೆ ಯಾಕೆ ನಿಂತಿತು ಎಂದು ಅವನನ್ನು ಕೇಳಿದೆ. ನಿಲ್ಲಲಿಲ್ಲವಂತೆ. ಅವನು ಅಷ್ಟು ದೂರ ಮುಂದೆ ಹೋಗಿಬಿಟ್ಟಿದ್ದನಂತೆ, ನನಗೆ ಕೇಳಿಸಲಿಲ್ಲ ಅಷ್ಟೆ. ಇದೊಂದು ಮಾತ್ರ ನನಗೆ ಹೊಳೆದಿರಲಿಲ್ಲ ನೋಡಿ!

“ಅದಿರಲಿ ಅಮ್ಮಾ, ಇವನು ಯಾರು ಅಂತ ನಿಮಗೆ ಗೊತ್ತೇ?” ಎಂದರು ಕುರುವಿಳ ಸಾರ್.

ಭಾರ್ಗವಿ ಅಮ್ಮ ನನ್ನನ್ನು ಬೂದಿಯ ತಲೆಯಿಂದ ಹರಿದ ಶೂವರೆಗೆ ನೋಡಿದರು. ವಿಶಾಲುವಿನ ಕಡೆ ತಿರುಗಿದರು.

“ಇತ್ ಈ ಮೋಳುಡೆ ಭರ್ತಾವಾ” ಎಂದರು.

ಈ ಮಗಳ ಗಂಡ! ಇಷ್ಟು ಜನರೆದುರಿಗೆ! ನನಗೆ ಮಂಡಿಯ ನೋವು ಹೋಗಿಬಿಟ್ಟಿತು.

“ಖಂಡಿತವಾ?” ಎಂದು ಸಾರ್ ಮೀಸೆಯೊಳಗೇ ನಕ್ಕರು.

“ಖಂಡಿತ. ಇವಳು ಹಾಗೆ ಬೈದಳು, ಇವನು ಹೀಗೆ ತಲೆ ತಗ್ಗಿಸಿ ನಿಂತ. ಗಂಡನಲ್ಲದಿದ್ದರೆ ಯಾರು ನಿಲ್ಲುತ್ತಾರೆ ಸಾರೇ?” ಎಂದರು ಭಾರ್ಗವಿ ಅಮ್ಮ.

ಶಾಖೆಗೆ ಏನೂ ಬರೆಯಲಿಲ್ಲ. ತಿರುವನಂತಪುರದ ವರ್ಗ ವರ್ಗೀಸನಿಗಾಯಿತು. ನನ್ನ ಅರ್ಜಿ ನಿಧಾನವಾಗಿ ತನ್ನ ಕಾಲ ಮೇಲೆ ನಡೆದು ಬರುವಷ್ಟರಲ್ಲಿ ಇನ್ನೆರಡು ಮಳೆಗಾಲ ಕಳೆದವು. ಆದರೆ ಆ ಭಾನುವಾರವೇ, ನಾನು ಅಭ್ಯಾಸಬಲದಿಂದ ಜಗಲಿಯ ತುದಿಯಲ್ಲಿ ಕೂತಾಗ ಭಾರ್ಗವಿ ಅಮ್ಮ ಒಳಗಿನಿಂದ, “ಅಗತ್ತ್ ವಾ” ಎಂದರು. ಒಳಗೆ ಬಾ. ನಾನು ಎದ್ದು, ಅಮ್ಮಿಣಿಯನ್ನು ದಾಟಿ ಒಳಗೆ ಹೋದೆ. ಮಂಡಿಗೆ ಅರಿಸಿನ ಅರೆದು ಹಚ್ಚಿದರು, ಗಂಜಿ ಬಡಿಸಿದರು. ಅಂದಿನಿಂದ ಲಾಡ್ಜಿನ ಮುಖ ನೋಡಲಿಲ್ಲ. ವರ್ಗೀಸ ಒಮ್ಮೆ ನಾನು ಕೊಟ್ಟ ಚಕ್ಕುಲಿ ಡಬ್ಬ ತಲುಪಿಸಲು ಹೋದನಂತೆ. ಅವನನ್ನು ಜಗಲಿ ದಾಟಿಸಲಿಲ್ಲವಂತೆ.

ಮೇಜಿನ ಮೇಲೆ ಇಟ್ಟ ಗಂಟೆಗಳು ಆ ಗಲಾಟೆಯಲ್ಲಿ ಸೇರಿಹೋದವು. ಭಾರ್ಗವಿ ಅಮ್ಮ ಒಂದನ್ನು ತೆಗೆದುಕೊಂಡರು, ನಾನೊಂದನ್ನು. ಈಗ ನಮ್ಮ ಗೇಟಿನಲ್ಲಿ ತೂಗುತ್ತಿರುವುದು ನನ್ನದೋ ಅಮ್ಮಿಣಿಯದೋ ಹೇಳುವವರಿಲ್ಲ. ಮೊನ್ನೆ ಎದುರು ಮನೆಯ ಮೇಡಂ ಹೋದ ಮೇಲೆ ಅದನ್ನು ಬಿಚ್ಚಿ ಹುಣಿಸೆಹಣ್ಣು ಹಾಕಿ ಉಜ್ಜುತ್ತಾ ಕೂತಿದ್ದ ವಿಶಾಲುವನ್ನು, ಇದ್ದಕ್ಕಿದ್ದಂತೆ ಏನೋ ಹೊಳೆದು ಕೇಳಿದೆ.

“ಅಲ್ಲ ವಿಶಾಲೂ, ಅವತ್ತು ನೀನು ಮೊದಲು ಮಂಡಿ ನೋಡಿ ಅಯ್ಯೋ ಅಂದೆ. ಆಮೇಲೆ ಯಾಕೆ ಹಾಗೆ ಒಮ್ಮೆಗೇ ಕಿರುಚಿದೆ?”

ಅವಳು ಗಂಟೆಯನ್ನು ನೀರಿನಲ್ಲಿ ಅದ್ದಿದಳು. “ಅಷ್ಟರಲ್ಲಿ ಭಾರ್ಗವಿ ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತದ್ದು ಕಾಣಿಸ್ತು.”

“ಅಂದರೆ?”

“ಅಂದರೆ ಏನು? ಕರಿಮಣಿ ತೋರಿಸಿದ್ದಾಯ್ತು, ಫೋಟೋ ತೋರಿಸಿದ್ದಾಯ್ತು. ಅವರು ನಂಬೋ ಹಾಗೆ ತೋರಿಸೋದಕ್ಕೆ ಇನ್ನೇನು ಉಳಿದಿತ್ತು ನನ್ನ ಹತ್ರ?”

ನಾನು ಅವಳ ಮುಖವನ್ನೇ ನೋಡಿದೆ. ವರ್ಗೀಸನನ್ನು ಅನುಮಾನಿಸಿದ್ದೆ, ಕೆಂಚು ನಾಯಿಯನ್ನು ಅನುಮಾನಿಸಿದ್ದೆ, ಸುತ್ತೋಲೆಯ ಹಿಂಬದಿಯನ್ನೂ ಬಿಟ್ಟಿರಲಿಲ್ಲ. ಇಷ್ಟು ವರ್ಷ ಇವಳ ಮೇಲೆ ಮಾತ್ರ ಒಂದು ಚೂರೂ ಅನುಮಾನ ಬಂದಿರಲಿಲ್ಲ.

“ಹಾಗಾದರೆ ಆಮೇಲಿನ ಐವತ್ತು ವರ್ಷದ ಬೈಗುಳ?” ಎಂದೆ.

“ಅದೆಲ್ಲ ನಿಜದ್ದೇ” ಎಂದು ಗಂಟೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. “ಹೋಗಿ, ಗೇಟಿಗೆ ಕಟ್ಟಿ ಬನ್ನಿ.”